ಕುರಿ ನಡೆಸೋರು ಯಾರು?

(ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಕಟ್ಟೆ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೊನೆಗೆ, ಸಿರುಗುಪ್ಪದ ಕಡೆ ಹೊಲವಿರುವ ದೊಡ್ಡಪ್ಪ. ಬಳ್ಳಾರಿಯಲ್ಲಿ ತರಬೇತಿ ಶಿಬಿರ ನಡೆಸುವ ತಮ್ಮನ ಮಗಳು.)

ದೊಡ್ಡಪ್ಪ: ನಾಳೆ ನಮ್ಮ ನೀರು ಬಳಕೆದಾರರ ಸಂಘದವರನ್ನ ಕೂಡಿಸಿ ಆಟ ಆಡಿಸ್ತೀಯಂತೆ. ನಾಟಿ ಹೊತ್ತಿನಾಗೆ ಆಟವೇನವ್ವಾ?

ಮಗಳು: ನಿಮ್ಮ ಸಭೇಲಿ ಮಾತಾಡೋರು ಎಷ್ಟು ಜನ ದೊಡ್ಡಪ್ಪ?

ದೊಡ್ಡಪ್ಪ: ಇಬ್ಬರು. ಇಬ್ಬರೂ ಮೇಲ್ಭಾಗದವರು. ಉಳಿದವರು ಚಹಾ ಯಾವಾಗ ಬರ್ತದಂತ ಬಾಗಿಲು ನೋಡ್ತಾರೆ.

ಮಗಳು: ಎಲ್ಲಾ ಕಡೆ ಅದೇ ಕಥೆ. ಅಮೆರಿಕದ ಜಾಹೀರಾತು ರಂಗದ ಅಲೆಕ್ಸ್ ಆಸ್ಬಾರ್ನ್, ಗುಂಪಾಗಿ ಕೂತು ತೋಚಿದ್ದೆಲ್ಲ ಹೇಳಿ, ಯಾರೂ ಟೀಕೆ ಮಾಡಬೇಡಿ ಅಂದರು. ಲೋಕವೆಲ್ಲ ಒಪ್ಪಿತು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದರೆ, ಒಟ್ಟಿಗೆ ಕೂತ ನಾಲ್ವರಿಗಿಂತ ಬೇರೆಬೇರೆ ಕೂತ ನಾಲ್ವರ ಪಟ್ಟಿ ಕೂಡಿಸಿದಾಗಲೇ ಹೆಚ್ಚು ವಿಚಾರ ಸಿಕ್ಕವು.

ದೊಡ್ಡಪ್ಪ: ಹಂಗಾರೆ ಎಲ್ಲರೂ ಮನ್ಯಾಗೇ ಕೂರೋಣ.

ಮಗಳು: ವಿಚಾರ ಎಣಿಸೋದಷ್ಟೇ ಆದರೆ ಕೂರಬಹುದು. ನೀರು ಹಂಚೋಕೆ ಆಗಲ್ಲವಲ್ಲ. ನೀವು ಹುಲಿ-ಕುರಿ ಆಡಿಲ್ಲವಾ?

ದೊಡ್ಡಪ್ಪ: ಆಡದೆ? ಇದೇ ಕಟ್ಟೆ ಮೇಲೆ ಇದ್ದಿಲಿನಾಗೆ ಮನೆ ಬರೆದು ಆಡೀವಿ. ಹಂಪಿ ಮಂಟಪದ ನೆಲದಾಗೂ ಆಟದ ಮನೆ ಕೊರೆದಾರೆ. 3 ಹುಲಿ, 15 ಕುರಿ. ಕುರಿಗೆ ಹಾರೋಕೆ ಬರಲ್ಲ, ಕಡಿಯೋಕೆ ಬರಲ್ಲ. ಒಂದಕ್ಕೊಂದು ಹತ್ತಿ ನಿಂತು ಹುಲಿ ದಾರಿ ಕಟ್ಟಬೇಕು.

ಮಗಳು: ಒಗ್ಗಟ್ಟಿನ ಆಟ ಅಂದರೆ ಅದೇ ಅಲ್ಲವಾ?

ದೊಡ್ಡಪ್ಪ: ಅಲ್ಲ. 15 ಕುರಿಗೂ ಕೈ ಒಂದೇ. ಒಬ್ಬನೇ ನಡೆಸೋವಾಗ ಒಗ್ಗಟ್ಟಿನ ಮಾತೆಲ್ಲಿ ಬಂತು? ಒಂದನ್ನ ಕೊಟ್ಟು ಇನ್ನೊಂದನ್ನ ಉಳಿಸೋಕೆ ಅವನು ಯಾವ ಕುರಿಯನ್ನೂ ಕೇಳಲ್ಲ. ದೊಡ್ಡವರು ಸಭ್ಯಾಗೆ ಒಗ್ಗಟ್ಟು ಅಂದಾಗೆಲ್ಲ ನನಗೆ ಆ ಕೈ ಕಾಣ್ತದೆ. ಕೊಡೋ ಕುರಿ ಕೊನೆ ಭಾಗದ್ದೇ.

ಮಗಳು: ಒಂದೊಂದು ಕುರಿ ಒಬ್ಬೊಬ್ಬರ ಕೈಗೆ ಕೊಟ್ಟರೆ?

ದೊಡ್ಡಪ್ಪ: ಯಾವ ಕುರಿಯೂ ಮುಂದಕ್ಕೆ ಹೋಗಲ್ಲ. ಹುಲಿಗೆ ಹಬ್ಬ.

ಮಗಳು: ಮೊದಲ ಸಲ ಹೌದು. ಆಂಧ್ರದ ಹಳ್ಳಿಗಳಲ್ಲಿ ಅಂತರ್ಜಲದ ಬಗ್ಗೆ ಇಂಥದೇ ಆಟ ಆಡಿಸಿದರು. 2018ರಲ್ಲಿ ಅದರ ಅಧ್ಯಯನ ಪ್ರಕಟವಾಯ್ತು. ಹೆಚ್ಚು ನೀರು ಬೇಡೋ ಬೆಳೆ ಇಡಬೇಕೋ ಕಡಿಮೆ ಬೇಡೋದೋ, ಪ್ರತಿಯೊಬ್ಬರೂ ಆರಿಸಬೇಕು. ಎಲ್ಲರ ಆಯ್ಕೆ ಕೂಡಿ ನೆಲದಡಿಯ ನೀರು ಎಷ್ಟು ಉಳಿಯುತ್ತೆ ಅಂತ ಲೆಕ್ಕ. ಮೊದಲ ವರ್ಷ ಆಡುವಾಗ ಮಾತಾಡಿಕೊಳ್ಳೋಕೆ ಬಿಟ್ಟರೂ ಉಪಯೋಗ ಆಗಲಿಲ್ಲ. ಮರುವರ್ಷ ಅದೇ ಊರುಗಳಲ್ಲಿ, ಆಟವನ್ನ ಸ್ವಲ್ಪ ತಿದ್ದಿ ಆಡಿಸಿದಾಗ ಮಾತು ಕೆಲಸ ಮಾಡಿತು.

ದೊಡ್ಡಪ್ಪ: ಅವೇ ಬಾಯಿ. ಮರುವರ್ಷ ಹ್ಯಾಂಗೆ ನಾಟಿತು?

ಮಗಳು: ಆಟ ತಿದ್ದಿದ್ದಕ್ಕೂ ಇರಬಹುದು. ನನ್ನ ಊಹೆ ಬೇರೆ. ಮೊದಲ ವರ್ಷ ಅವರ ಹತ್ತಿರ ಇದ್ದದ್ದು ತಂತಮ್ಮ ಹಳೇ ದೂರು. ಆಡಿದ ಮೇಲೆ ಎಲ್ಲರದೂ ಆದ ಒಂದು ಸೋಲು ಸಿಕ್ಕಿತು. ಅದರ ಬಗ್ಗೆ ಮಾತಾಡಿದರೆ ಯಾರ ಮಾನವೂ ಹೋಗಲ್ಲ. ಆಡಿದ ಊರುಗಳಲ್ಲಿ ಆಮೇಲೆ ನೀರಿನ ಲೆಕ್ಕದ ಪುಸ್ತಕ ಇಟ್ಟವು, ಕಟ್ಟಳೆ ಮಾಡಿಕೊಂಡವು ಹೆಚ್ಚು.

ದೊಡ್ಡಪ್ಪ: ಅಂತರ್ಜಲ ಅಂದ್ರೆ ಒಂದೇ ಬಾನಿಗೆ ಎಲ್ಲರ ಬಾಯಿ. ಕಾಲುವೆ ಹಂಗಲ್ಲ. 1953ಕ್ಕೆ ಡ್ಯಾಮು ಮುಗೀತು. ಕಡಿಮೆ ನೀರಿನ ಬೆಳೆಗೆ ಅಂತ ಗುರುತು ಮಾಡಿದ ನೆಲದಾಗೂ ಭತ್ತ ಹಬ್ಬಿತು. ಮೇಲಿನವನಿಗೆ ನಮ್ಮ ಕೊರತೆ ಕಾಣೋದೇ ಇಲ್ಲ. 2024ರ ಆಗಸ್ಟ್‌ನಾಗೆ 19ನೇ ಗೇಟು ಕೊಚ್ಚಿಹೋತಲ್ಲ, ಆಗ ಮಾತ್ರ ಅವನಿಗೂ ನನಗೂ ಒಟ್ಟಿಗೆ ನಿದ್ದೆ ಕೆಟ್ಟಿತು.

ಮಗಳು: ಅದಕ್ಕೇ ನಾಳೆ ಜಾಗ ಅದಲುಬದಲು. ಮೇಲ್ಭಾಗದವರು ಕೊನೆಗೆ, ನೀವು ಮೊದಲ ತೂಬಿಗೆ.

ದೊಡ್ಡಪ್ಪ: ನಾನೂ ಭತ್ತವೇ ಹಚ್ಚತೀನಿ. ಸುಳ್ಳು ಯಾಕೆ ಹೇಳಲಿ?

ಮಗಳು: ಹಚ್ಚಿ. ಅವರೂ ನೋಡಲಿ, ನೀವೂ ನೋಡಿಕೊಳ್ಳಿ.

ದೊಡ್ಡಪ್ಪ: ನೋಡಿ ಏನಾತು? ಆಟ ಮುಗಿದ ಮೇಲೆ ಅವನು ಮೇಲೆ, ನಾನು ಕೆಳಗೆ. ಆಟದಾಗೆ ಬೆಳೆ ಒಣಗಿದ್ರೆ ಸಾಲಗಾರ ಮನೆಗೆ ಬರಲ್ಲ.

ಮಗಳು: ಬರಲ್ಲ, ಅದಕ್ಕೇ ಅಲ್ಲಿ ಬಾಯಿ ಬಿಚ್ಚೋಕೆ ಧೈರ್ಯ. ಹೊಲದಲ್ಲಿ ಹೊಸದೊಂದು ಮಾಡಿ ತಪ್ಪಿದರೆ ಇಡೀ ಹಂಗಾಮು ಹೋಗುತ್ತೆ. ಆಟದಲ್ಲಿ ಹತ್ತು ನಿಮಿಷ.

ದೊಡ್ಡಪ್ಪ: ಸರಿ. ಆಟದ ನಿಯಮ ಯಾರು ಮಾಡಿದ್ದು?

ಮಗಳು: ನಾನೇ.

ದೊಡ್ಡಪ್ಪ: ನೋಡು ಮತ್ತೆ. ಕುರಿ ಎಲ್ಲರ ಕೈಗೆ ಕೊಟ್ಟಿ, ಮನೆ ಮಾತ್ರ ನೀನೇ ಬರೆದಿ.

ಮಗಳು: ಮೊದಲ ಸುತ್ತಿಗಷ್ಟೇ. ಎರಡನೇದಕ್ಕೆ ಮುಂಚೆ ಒಬ್ಬೊಬ್ಬರೂ ಸುಮ್ಮನೆ ಕೂತು ಒಂದೊಂದು ಹೊಸ ನಿಯಮ ಬರೀಬೇಕು. ಎಲ್ಲರೂ ಒಪ್ಪಿದ್ದನ್ನ ಇಟ್ಟುಕೊಳ್ಳೋದು.

ದೊಡ್ಡಪ್ಪ: ಎಲ್ಲರೂ ಅಂದ್ರೆ ಕೆಟ್ಟಿತು. ಮೇಲಿನವನೊಬ್ಬ ಒಲ್ಲೆ ಅಂದ್ರೆ ಮುಗೀತು.

ಮಗಳು: ಮತ್ತೆ ಹೇಗೆ ಮಾಡಲಿ?

ದೊಡ್ಡಪ್ಪ: ಮೊದಲು ನಿಯಮ ಮಾಡಲಿ, ಆಮೇಲೆ ಜಾಗಕ್ಕೆ ಚೀಟಿ ಎತ್ತಲಿ. ತಾನು ಮೊದಲ ತೂಬಿಗೋ ಕೊನೆಗೋ ಗೊತ್ತಿಲ್ಲದಾಗ ಏನು ಬರೀತಾನೆ ನೋಡೋಣ.

ಮಗಳು: ದೊಡ್ಡಪ್ಪ! ಇದನ್ನೇ ಹೇಳೋಕೆ ಜಾನ್ ರಾಲ್ಸ್ ಅನ್ನೋರು 1971ರಲ್ಲಿ ದಪ್ಪದೊಂದು ಪುಸ್ತಕ ಬರೆದರು.

ದೊಡ್ಡಪ್ಪ: ಅವರಿಗೂ ಕೊನೆ ಭಾಗದಾಗೆ ಹೊಲ ಇತ್ತೇನು?

ಮಗಳು: ಇಲ್ಲ. ಪ್ರೊಫೆಸರು.

ದೊಡ್ಡಪ್ಪ: ಅದಕ್ಕೇ ದಪ್ಪ ಆಗೇತಿ. ಚೀಟಿ ಮಾತ್ರ ನೀನು ಮಡಚಬ್ಯಾಡ, ನಾನೂ ಮಡಚಲ್ಲ. ಚಹಾ ತರೋ ಹುಡುಗನಿಗೆ ಹೇಳು.