ಕಾಲಡಿಯ ಲೋಕವೂ ದಿಗ್ವ್ರತದ ಅಧೋಮರ್ಯಾದೆಯೂ

ದಿಗ್ವ್ರತವನ್ನು ಸ್ವೀಕರಿಸುವ ಶ್ರಾವಕನು ಹತ್ತು ದಿಕ್ಕುಗಳಿಗೂ ಮೇರೆಯನ್ನು ಕಟ್ಟಿಕೊಳ್ಳುತ್ತಾನೆ. ದಿಕ್ಕುಗಳು ನಾಲ್ಕು, ವಿದಿಕ್ಕುಗಳು ನಾಲ್ಕು. ಇವುಗಳ ಮೇರೆಯನ್ನು ಹೇಳುವುದು ಕಷ್ಟವಲ್ಲ. ಇಂಥ ಸಮುದ್ರ, ಇಂಥ ನದಿ, ಇಂಥ ಬೆಟ್ಟ, ಇಷ್ಟು ಯೋಜನ ಎಂದು ಪ್ರಸಿದ್ಧವಾದ ಗುರುತುಗಳಿಂದ ಎಲ್ಲೆಯನ್ನು ನಿರ್ಣಯಿಸಬೇಕೆಂದು ರತ್ನಕರಂಡಕ ಶ್ರಾವಕಾಚಾರವು ವಿಧಿಸುತ್ತದೆ. ಉಳಿದ ಎರಡು ದಿಕ್ಕುಗಳು ಮೇಲು ಮತ್ತು ಕೆಳಗು. ಕೆಳದಿಕ್ಕಿನ ಮಾತು ಬಂದೊಡನೆ ಮನೆಯ ಕಿರಿಯರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ನಿಂತ ನೆಲದ ಕೆಳಗೆ ಹೋಗುವುದಕ್ಕೆ ಏನಿದೆ? ಈ ಭೂಮಿಯ ಅಡಿಯ ಮೈಯಲ್ಲಿ ಇರುವುದೇನು? ಹೋಗದ ದಾರಿಗೆ ಮೇರೆ ಏತಕ್ಕೆ?

ಕರಣಾನುಯೋಗವು ಈ ಪ್ರಶ್ನೆಗೆ ವಿವರವಾದ ಉತ್ತರವನ್ನು ಕೊಟ್ಟಿದೆ. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯೂ, ಚಾವುಂಡರಾಯನಿಗೆ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ತ್ರಿಲೋಕಸಾರವೂ ಈ ವಿಷಯದ ಪ್ರಮುಖ ಗ್ರಂಥಗಳು. ಆಗಮದ ಪ್ರಕಾರ ಮನುಷ್ಯನು ನಿಂತಿರುವುದು ರತ್ನಪ್ರಭಾ ಪೃಥ್ವಿಯ ಮೇಲ್ಮೈಯಲ್ಲಿ. ಅದರ ದಪ್ಪ 1,80,000 ಯೋಜನ. ಮೇಲಿನ 16,000 ಯೋಜನ ಖರಭಾಗ, ನಡುವಿನ 84,000 ಯೋಜನ ಪಂಕಭಾಗ, ಕೆಳಗಿನ 80,000 ಯೋಜನ ಅಬ್ಬಹುಲ ಭಾಗ. ಖರಭಾಗದ ಮೊದಲ ಪದರವಾದ ಚಿತ್ರಾ ಪೃಥ್ವಿಯಲ್ಲಿ ಮೇರುಪರ್ವತದ ಬೇರು 1,000 ಯೋಜನದಷ್ಟು ಇಳಿದಿದೆ.

ಕಾಲಡಿಯೆಂದರೆ ನರಕವೊಂದೇ ಎಂದು ಭಾವಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಖರಭಾಗ ಮತ್ತು ಪಂಕಭಾಗಗಳಲ್ಲಿರುವುದು ಭವನವಾಸಿ ಮತ್ತು ವ್ಯಂತರ ದೇವರ ನಿವಾಸಗಳು. ಭವನವಾಸಿಗಳ ಭವನಗಳು 7 ಕೋಟಿ 72 ಲಕ್ಷ. ಪ್ರತಿಯೊಂದು ಭವನದಲ್ಲೂ ಒಂದು ಅಕೃತ್ರಿಮ ಜಿನಾಲಯವುಂಟು. ಭಗವಾನ್ ಪಾರ್ಶ್ವನಾಥರ ಮೇಲೆ ಕಮಠನ ಜೀವವು ಘೋರ ಉಪಸರ್ಗವನ್ನೆಸಗಿದಾಗ ಹೆಡೆಯೆತ್ತಿ ನಿಂತ ಧರಣೇಂದ್ರನು ಬಂದದ್ದು ಈ ಕೆಳಗಿನಿಂದಲೇ. ಅವನು ನಾಗಕುಮಾರರ ಇಂದ್ರ. ಹೊಂಬುಜದಲ್ಲಿ ಪೂಜೆಗೊಳ್ಳುವ ಪದ್ಮಾವತಿಯೂ ಆ ನಿವಾಸಕ್ಕೇ ಸೇರಿದವಳು. ಇವುಗಳ ಕೆಳಗಿನ ಅಬ್ಬಹುಲ ಭಾಗದಲ್ಲಿ ಮೊದಲ ನರಕದ 30 ಲಕ್ಷ ಬಿಲಗಳಿವೆ. ಒಂದೇ ಪೃಥ್ವಿಯ ಒಡಲಲ್ಲಿ ಜಿನಾಲಯವೂ ಇದೆ, ನರಕಬಿಲವೂ ಇದೆ. ಯಾವ ಜೀವವು ಎಲ್ಲಿ ಹುಟ್ಟಬೇಕೆಂಬುದನ್ನು ನಿರ್ಧರಿಸುವುದು ಅದರ ಪರಿಣಾಮವೇ ಹೊರತು ಬೇರಾರೂ ಅಲ್ಲ.

ರತ್ನಪ್ರಭೆಯ ಅಡಿಯ ಮೈಯನ್ನು ಹೊತ್ತಿರುವುದು ಆಮೆಯಲ್ಲ, ಆನೆಯಲ್ಲ, ಸರ್ಪವೂ ಅಲ್ಲ. ಉಪಸರ್ಗವನ್ನು ನಿವಾರಿಸಿದ ಧರಣೇಂದ್ರನು ಕೂಡ ಭೂಮಿಯನ್ನು ಹೊತ್ತವನಲ್ಲ. ಘನೋದಧಿವಾತ, ಘನವಾತ, ತನುವಾತ ಎಂಬ ಮೂರು ವಲಯಗಳು ಕ್ರಮವಾಗಿ ಅದಕ್ಕೆ ಆಧಾರ. ತನುವಾತಕ್ಕೆ ಆಕಾಶ ಆಧಾರ. ಆಕಾಶಕ್ಕೆ ಆಕಾಶವೇ ಆಧಾರ. ಅಲ್ಲಿಂದ ಕೆಳಗೆ ಶರ್ಕರಾಪ್ರಭೆಯಿಂದ ಮಹಾತಮಃಪ್ರಭೆಯವರೆಗೆ ಇನ್ನೂ ಆರು ಪೃಥ್ವಿಗಳು. ಏಳರ ಬಿಲಗಳೂ ಸೇರಿ 84 ಲಕ್ಷ. ಆಯುಃಸ್ಥಿತಿಯು ಮೊದಲನೆಯದರಲ್ಲಿ ಹೆಚ್ಚೆಂದರೆ 1 ಸಾಗರೋಪಮ, ಏಳನೆಯದರಲ್ಲಿ 33 ಸಾಗರೋಪಮ. ಅದಕ್ಕೂ ಕೆಳಗೆ ಒಂದು ರಜ್ಜು ಪ್ರಮಾಣದ ಕ್ಷೇತ್ರವು ನಿಗೋದಾದಿ ಸ್ಥಾವರ ಜೀವಗಳಿಂದ ತುಂಬಿದೆ.

ಶಾಲೆಯಲ್ಲಿ ಮಕ್ಕಳು ಕಲಿಯುವ ಭೂಮಿ ಗೋಳಾಕಾರದ್ದು; ಅದರ ಸರಾಸರಿ ತ್ರಿಜ್ಯ ಸುಮಾರು 6,371 ಕಿಲೋಮೀಟರು. ಅದು ಉಪಕರಣಗಳಿಂದ ಅಳೆದು ಸಿದ್ಧಪಡಿಸಿದ ಜ್ಞಾನ; ಮಕ್ಕಳು ಅದನ್ನು ಶ್ರದ್ಧೆಯಿಂದ ಕಲಿಯಲಿ. ಅದನ್ನು ಹಳಿಯುವುದರಿಂದ ಧರ್ಮಪ್ರಭಾವನೆಯಾಗದು. ಆಚಾರ್ಯರು ಅಧೋಲೋಕವನ್ನು ವರ್ಣಿಸಿದ ಪ್ರಯೋಜನವೇ ಬೇರೆ. ಲೋಕದ ಆಕಾರವನ್ನು ಚಿಂತಿಸುವುದು ಸಂಸ್ಥಾನವಿಚಯವೆಂಬ ಧರ್ಮಧ್ಯಾನ. ಅದರ ಫಲ ಸಂವೇಗ ಮತ್ತು ವೈರಾಗ್ಯ. ಯೋಜನಗಳ ಲೆಕ್ಕವನ್ನು ಒಪ್ಪಿಸಿಯೂ ಕ್ರೋಧವನ್ನು ಬಿಡದವನಿಗೆ ಆ ಲೆಕ್ಕದಿಂದ ಏನೂ ಲಭಿಸಲಿಲ್ಲ.

ಮಗಧದ ಶ್ರೇಣಿಕ ಮಹಾರಾಜನ ವೃತ್ತಾಂತವು ಇದಕ್ಕೆ ನಿದರ್ಶನ. ಧ್ಯಾನಸ್ಥರಾಗಿದ್ದ ಯಶೋಧರ ಮುನಿಗಳ ಕೊರಳಿಗೆ ಅವನು ಸತ್ತ ಹಾವನ್ನು ಹಾಕಿದನು. ಆ ಕ್ಷಣದಲ್ಲಿ ಏಳನೆಯ ಪೃಥ್ವಿಯ 33 ಸಾಗರೋಪಮ ಆಯುಸ್ಸು ಬಂಧವಾಯಿತು. ಚೇಲನಾ ರಾಣಿಯೊಡನೆ ಮರಳಿ ಬಂದಾಗ, ಹಾವನ್ನು ಹಾಕಿದವನಿಗೂ ತೆಗೆಸಿದವಳಿಗೂ ಮುನಿಗಳು ಸಮಭಾವದಿಂದ ಧರ್ಮವೃದ್ಧಿಯನ್ನು ಹರಸಿದರು. ರಾಜನ ಮನಸ್ಸು ಕರಗಿತು. ಮುಂದೆ ಭಗವಾನ್ ಮಹಾವೀರರ ಸಮವಸರಣದಲ್ಲಿ ಕ್ಷಾಯಿಕ ಸಮ್ಯಕ್ತ್ವವೂ ದೊರೆಯಿತು. ಕಟ್ಟಿದ ಆಯುಸ್ಸು ಕುಗ್ಗಿ ಮೊದಲ ನರಕದ 84,000 ವರ್ಷಗಳಿಗೆ ಇಳಿಯಿತು. ಆದರೂ ನರಕಾಯುಸ್ಸು ಅಳಿಯಲಿಲ್ಲ. ಭಾವೀ ತೀರ್ಥಂಕರನಾಗುವ ಆ ಮಹಾಪುರುಷನಿಗೆ ಆ ಜನ್ಮದಲ್ಲಿ ಒಂದು ಅಣುವ್ರತವನ್ನೂ ಧರಿಸಲಾಗಲಿಲ್ಲ. ಕಾರಣವನ್ನು ಗೊಮ್ಮಟಸಾರವು ತಿಳಿಸುತ್ತದೆ: ಮುಂದಿನ ಭವಕ್ಕೆ ನಾಲ್ಕು ಗತಿಗಳಲ್ಲಿ ಯಾವುದರ ಆಯುಸ್ಸು ಬಂಧವಾಗಿದ್ದರೂ ಸಮ್ಯಕ್ತ್ವ ಉಂಟಾಗಬಹುದು, ಆದರೆ ದೇವಾಯುಸ್ಸನ್ನುಳಿದು ಬೇರೆ ಆಯುಸ್ಸನ್ನು ಕಟ್ಟಿದವನಿಗೆ ಅಣುವ್ರತ, ಮಹಾವ್ರತಗಳು ಲಭಿಸವು.

ಈ ಮಾತಿನಲ್ಲಿ ಭಯವೂ ಇದೆ, ಅಭಯವೂ ಇದೆ. ಚಕ್ರವರ್ತಿಯ ಸಂಪತ್ತಿಗೂ ದೊರೆಯದ ವ್ರತವು ಇಂದು ಒಬ್ಬ ಬಡ ಶ್ರಾವಕಿಗೆ ಭಾವಪೂರ್ವಕವಾಗಿ ಒದಗಿದರೆ, ಕೆಳಗಿನ ಬಾಗಿಲು ಅವಳ ಪಾಲಿಗೆ ಇನ್ನೂ ತೆರೆದಿಲ್ಲವೆಂದೇ ಅರ್ಥ. ವ್ರತವನ್ನು ನಾಳೆಗೆ ಮುಂದೂಡುವವನು ನಾಳೆಯ ಹೊತ್ತಿಗೆ ಯಾವ ಆಯುಸ್ಸನ್ನು ಕಟ್ಟಿರುವನೋ ಬಲ್ಲವರಾರು?

ಇಷ್ಟನ್ನು ಅರಿತಾಗ ದಿಗ್ವ್ರತದ ಅಧೋಮರ್ಯಾದೆಯ ಮಹತ್ತ್ವ ತಿಳಿಯುತ್ತದೆ. ಬಾವಿಗೆ ಇಳಿಯುವುದೇ ಮೊದಲಾದವುಗಳಿಂದ ಕೆಳಗಿನ ಮೇರೆಯನ್ನು ಮೀರುವುದು ಅತಿಚಾರವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಕೋಲಾರದ ಚಿನ್ನದ ಗಣಿಯು 2001ರಲ್ಲಿ ಮುಚ್ಚುವ ಮೊದಲು 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಆಳಕ್ಕೆ ಸೆಳೆದದ್ದು ಚಿನ್ನವೇ. ನೆಲವನ್ನು ಅಗೆಯುವಾಗ ಪೃಥ್ವೀಕಾಯಿಕ ಜೀವಗಳಿಗೆ ಬಾಧೆಯುಂಟು. ಪ್ರಯೋಜನವಿಲ್ಲದೆ ಅಗೆಯುವುದು ಅನರ್ಥದಂಡದಲ್ಲಿ ಪ್ರಮಾದಚರ್ಯೆಯಾಗಿದೆ. ಬೇಸಾಯದಿಂದ ಬಾಳುವ ಗೃಹಸ್ಥನು ತನ್ನ ಕೊಳವೆಬಾವಿಗೆ ಬೇಕಾದ ಆಳವನ್ನು ವ್ರತವನ್ನು ಸ್ವೀಕರಿಸುವ ಮೊದಲೇ ವಿವೇಕದಿಂದ ಯೋಚಿಸಿ, ಗುರುಸಾಕ್ಷಿಯಾಗಿ ಎಲ್ಲೆಯನ್ನು ಹೇಳಿಕೊಳ್ಳಲಿ. ಒಮ್ಮೆ ಹೇಳಿದ ಮೇಲೆ, ನೆರೆಯವನ ಹೊಲದಲ್ಲಿ ಇನ್ನೂ ಆಳದಲ್ಲಿ ನೀರು ಬಂತೆಂದು ಎಲ್ಲೆಯನ್ನು ಬೆಳೆಸಿದರೆ ಕ್ಷೇತ್ರವೃದ್ಧಿ. ಹೇಳಿದ್ದನ್ನೇ ಮರೆತರೆ ಸ್ಮೃತ್ಯಂತರಾಧಾನ. ಎರಡೂ ಅತಿಚಾರಗಳೇ.

ಮೇರೆಯಾಚೆಗಿನ ಪ್ರದೇಶದಲ್ಲಿ ಆ ಶ್ರಾವಕನ ಅಣುವ್ರತಗಳು ಮಹಾವ್ರತಗಳಿಗೆ ಸಮಾನವಾಗುತ್ತವೆಂದು ಸಮಂತಭದ್ರಾಚಾರ್ಯರು ಉಪದೇಶಿಸಿದ್ದಾರೆ. ಏಕೆಂದರೆ ಅಲ್ಲಿ ಅವನಿಂದ ಸೂಕ್ಷ್ಮ ಪಾಪವೂ ನಡೆಯದು. ಅಧೋದಿಕ್ಕಿಗೆ ಕೆಲವೇ ಅಡಿಗಳ ಮೇರೆಯನ್ನು ಕಟ್ಟಿಕೊಂಡವನು ಅದರ ಕೆಳಗಿರುವ ಸಮಸ್ತ ಜೀವರಾಶಿಗೂ ಅಭಯವನ್ನಿತ್ತಂತಾಯಿತು.

ಏಳು ಪೃಥ್ವಿಗಳನ್ನು ಹೊತ್ತವರು ಯಾರೂ ಇಲ್ಲ. ಅವು ತಮ್ಮ ಸ್ವಭಾವದಿಂದ ನಿಂತಿವೆ. ಜೀವನನ್ನೂ ಬೀಳದಂತೆ ಹಿಡಿಯುವವರು ಹೊರಗೆ ಯಾರೂ ಇಲ್ಲ. ಅವನು ತಾನೇ ಕೈಗೊಂಡ ವ್ರತದಿಂದ ನಿಲ್ಲಬೇಕು. ಬರುವ ಪರ್ವದಿನದಂದು ಜಿನಬಿಂಬದ ಮುಂದೆ ಕೈಮುಗಿದು ಹತ್ತು ದಿಕ್ಕುಗಳನ್ನು ಸ್ಮರಿಸುವ ಪ್ರತಿಯೊಂದು ಮನೆಯೂ ಹತ್ತನೆಯ ದಿಕ್ಕನ್ನು ಮರೆಯದಿರಲಿ.

ಇತಿ ಭದ್ರಂ.