ಬಿರುಗಾಳಿಯ ನಡುವೆ ಮೆಲುದನಿ



2025ರ ಜೂನ್ 23ರ ರಾತ್ರಿ. ಕತಾರಿನ ಅಮೆರಿಕನ್ ಸೇನಾ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದ ಸುದ್ದಿ ಬಂದಾಗ ನಮ್ಮ ಅತ್ತಾವರದಲ್ಲಿ ನಿದ್ದೆಗೆಟ್ಟ ತಾಯಂದಿರು ಎಷ್ಟೋ! ಅವರಲ್ಲೊಬ್ಬರಿಗೆ ದೋಹಾದಿಂದ ಮಗ ಅರ್ಧ ಗಂಟೆಯೊಳಗೆ ‘ಕ್ಷೇಮವಾಗಿದ್ದೇನೆ’ ಎಂದು ತಿಳಿಸಿದ್ದ. ಆದರೂ ಬೆಳಗಿನವರೆಗೆ ಆಕೆ ಫೋನ್ ಕೆಳಗಿಡಲಿಲ್ಲ. ತಿಂಗಳು ಕಳೆದು ನಾನು ಮನೆಭೇಟಿಗೆ ಹೋದಾಗಲೂ ಅದು ಕೈಯಲ್ಲೇ ಇತ್ತು.

“ವಿಶ್ವಾಸವಿಡಿ, ಇನ್ನಷ್ಟು ಪ್ರಾರ್ಥಿಸಿ” ಎಂದೆ.

“ಫಾದರ್, ತೇರ್ಸ್ ಹೇಳುವಾಗಲೂ ಮನಸ್ಸು ಫೋನಿನ ಮೇಲೆಯೇ. ಹಾಗಾದರೆ ನನ್ನಲ್ಲಿ ವಿಶ್ವಾಸವೇ ಇಲ್ಲವೇ?”

ನನ್ನ ಬುದ್ಧಿವಾದ ಆಕೆಯ ಹೊರೆಗೆ ಇನ್ನೊಂದು ಕಲ್ಲನ್ನು ಸೇರಿಸಿತ್ತು.

ಆತಂಕದ ಕಾಯಿಲೆಯುಳ್ಳವರ ಮನಸ್ಸು ಸದಾ ಅಪಾಯವನ್ನೇ ಹುಡುಕುತ್ತದೆ. ಫೋನ್ ನೋಡಿದಾಗ ಕ್ಷಣಕಾಲ ನೆಮ್ಮದಿ. ಮರುಕ್ಷಣ ಮತ್ತೆ ನೋಡುವ ತವಕ. ಅದೇ ಮನೆಯ ಕಿರಿಯ ಮಗನ ಕಷ್ಟ ಬೇರೆ. ಅವನಿಗಿರುವುದು ಎಡಿಎಚ್‌ಡಿ, ಅಂದರೆ ಗಮನವನ್ನು ಒಂದೆಡೆ ನಿಲ್ಲಿಸಲು ಮಿದುಳಿಗೇ ಕಷ್ಟವಾಗುವ ಸ್ಥಿತಿ. ಪುಸ್ತಕ ತೆರೆದರೆ ಸಂದೇಶದ ಸದ್ದು; ಅದನ್ನು ನೋಡಿ ಮರಳುವಷ್ಟರಲ್ಲಿ ಓದಿದ್ದು ಮರೆತಿರುತ್ತದೆ. ನಾವು ಅವನನ್ನು ಸೋಮಾರಿ ಎನ್ನುತ್ತೇವೆ. ಇದು ಸೋಮಾರಿತನವೂ ಅಲ್ಲ, ಪಾಪವೂ ಅಲ್ಲ.

ಪ್ರವಾದಿ ಎಲೀಯನನ್ನು ನೆನೆಯೋಣ (1 ಅರಸುಗಳು, ಅಧ್ಯಾಯ 19). ಪ್ರಾಣಭಯದಿಂದ ಅಡವಿಗೆ ಓಡಿ, ಸಾವನ್ನು ಬೇಡಿ ಗಿಡದಡಿ ಮಲಗಿದ ಆತನನ್ನು ದೇವದೂತ ಗದರಲಿಲ್ಲ, ‘ನಿನ್ನ ವಿಶ್ವಾಸವೆಲ್ಲಿ?’ ಎಂದು ಕೇಳಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ. ಪ್ರವಾದಿ ಮತ್ತೆ ಮಲಗಿದ. ಎರಡನೆಯ ಸಲವೂ ಎಬ್ಬಿಸಿ ಉಣಿಸಿದ. ಅನಂತರವೇ ಹೋರೇಬ್ ಬೆಟ್ಟದ ಪಯಣ. ಅಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ ಒಂದರ ಹಿಂದೊಂದು ಬಂದವು. ಸರ್ವೇಶ್ವರ ಅವುಗಳಲ್ಲಿರಲಿಲ್ಲ, ಕೊನೆಗೆ ಕೇಳಿದ ಮೆಲುದನಿಯಲ್ಲಿ ಮಾತನಾಡಿದರು. ಮೊದಲು ಊಟ, ನಿದ್ದೆ, ಆಮೇಲೆ ಆಲಿಸುವಿಕೆ. ಈ ಕ್ರಮವನ್ನು ನಾನು ಮರೆತಿದ್ದೆ.

ಆದ್ದರಿಂದ ಕೆಲವು ಸಣ್ಣ ನಿಯಮಗಳು. ಸುದ್ದಿಗೆ ದಿನದಲ್ಲಿ ಎರಡೇ ಹೊತ್ತು ಸಾಕು. ಮಗನ ಕರೆ ಒಂದನ್ನು ಬಿಟ್ಟು ಉಳಿದೆಲ್ಲ ಸದ್ದು ನಿಲ್ಲಿಸಿರಿ. ರಾತ್ರಿ ಫೋನ್ ಹಾಸಿಗೆಯಿಂದ ದೂರವಿರಲಿ. ಓದುವ ಹುಡುಗನ ಮುಂದೆ ಒಂದೇ ಪುಸ್ತಕವಿರಲಿ. ನೆನಪಿಡಬೇಕಾದುದನ್ನು ಚೀಟಿಯಲ್ಲಿ ಬರೆದಿಡಲಿ. ಐವತ್ಮೂರು ಮಣಿ ಮುಗಿಸಲಾಗದಿದ್ದರೆ ಹತ್ತೇ ಮಣಿ ಪ್ರಾರ್ಥಿಸಿರಿ. ಅಲೆದ ಮನಸ್ಸನ್ನು ಮೃದುವಾಗಿ ಮರಳಿ ಕರೆತರುವುದೂ ಪ್ರಾರ್ಥನೆಯೇ. ವಾಳೆಯ ಗುಂಪಿಗೆ ಪರಿಶೀಲಿಸದ ಸುದ್ದಿಯನ್ನು ರವಾನಿಸುವ ನಾವೂ ಯೋಚಿಸೋಣ: ಅದು ಯಾವ ತಾಯಿಯ ನಿದ್ದೆ ಕೆಡಿಸುವುದೋ!

ಇಷ್ಟರಿಂದ ಶಮನವಾಗದಿದ್ದರೆ ವೈದ್ಯರನ್ನು ಕಾಣಲು ನಾಚಿಕೆ ಬೇಡ. ಜಗದ್ಗುರು ಫ್ರಾನ್ಸಿಸ್‌ರವರು ಅರ್ಜೆಂಟೀನಾದ ಸರ್ವಾಧಿಕಾರದ ಕಾಲದಲ್ಲಿ, ಯೇಸುಸಭೆಯ ಪ್ರಾಂತಾಧಿಕಾರಿಯಾಗಿದ್ದಾಗ, ಆತಂಕವನ್ನು ನಿಭಾಯಿಸಲು ಮನೋವೈದ್ಯೆಯೊಬ್ಬರ ನೆರವು ಪಡೆದಿದ್ದರು. ಅದನ್ನು ಅವರೇ ಹೇಳಿದ್ದು 2021ರಲ್ಲಿ ಪ್ರಕಟವಾಯಿತು. ಜಗದ್ಗುರುಗಳಿಗಿಲ್ಲದ ಸಂಕೋಚ ನಮಗೇಕೆ? 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿದರೆ ಹಗಲಿರುಳೂ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಆ ತಾಯಿಯ ಬಳಿ ಮತ್ತೆ ಹೋಗಿ ಕ್ಷಮೆ ಕೇಳಿದೆ. ಆಕೆ ಈಗ ಚಿಕಿತ್ಸೆ ಪಡೆಯುತ್ತಿದ್ದಾರೆ. ಆತಂಕ ಪೂರ್ತಿ ಹೋಗಿಲ್ಲ. ಆದರೆ ತೇರ್ಸ್ ಹೊತ್ತಿನಲ್ಲಿ ಮನೆಯ ಫೋನುಗಳೆಲ್ಲ ಅಡುಗೆಮನೆಯ ಡಬ್ಬಿಯೊಂದರಲ್ಲಿರುತ್ತವೆ. “ಹತ್ತು ಮಣಿಯಲ್ಲಿ ನಾಲ್ಕಾದರೂ ದೇವರಿಗೆ ಸಲ್ಲುತ್ತವೆ ಫಾದರ್” ಎಂದು ನಕ್ಕರು.

ಪ್ರಭುವೇ, ದಣಿದ ಎಲೀಯನಿಗೆ ರೊಟ್ಟಿ ಕಳುಹಿಸಿದವರು ನೀವು. ನಮ್ಮ ಮನೆಗಳಲ್ಲಿ ದಣಿದವರನ್ನು ಗದರದೆ ಉಣಿಸುವ ಹೃದಯವನ್ನು ನಮಗೆ ನೀಡಿರಿ. ಆಮೆನ್.