ಥ್ಯಾಂಕ್ಸಿನ ತೂಕ

ವಿದೇಶದ ಓದಿಗೋ ಕೆಲಸಕ್ಕೋ ಅರ್ಜಿ ಹಾಕುವುದು ಮಂಗಳೂರಿನ ಮನೆಗಳಿಗೆ ಹೊಸತಲ್ಲ. ಬಂದ ಇಮೇಲಿನ ಮೊದಲ ಸಾಲಿನಲ್ಲೇ ‘ಥ್ಯಾಂಕ್ ಯೂ ವೆರಿ ಮಚ್ ಫಾರ್ ಯುವರ್ ಇಂಟರೆಸ್ಟ್’ ಎಂದಿದ್ದರೆ ಹೆತ್ತವರ ಮುಖ ಅರಳುತ್ತದೆ. ಒಂದೆರಡು ಸಲ ಪೆಟ್ಟು ತಿಂದ ಮಗಳು ಮಾತ್ರ ‘ಅನ್‌ಫಾರ್ಚುನೇಟ್ಲಿ’ ಎಲ್ಲಿದೆ ಎಂದು ಹುಡುಕುತ್ತಾಳೆ. ಹೆಚ್ಚಾಗಿ ಮುಂದಿನ ಸಾಲಿನಲ್ಲೇ ಇರುತ್ತದೆ.

ಇಂಗ್ಲಿಷಿನಲ್ಲಿ ಒತ್ತು ಹೆಚ್ಚಿದಷ್ಟೂ ಅಕ್ಕರೆ ಹೆಚ್ಚು ಎಂದು ನಂಬುವ ಹಾಗಿಲ್ಲ. ಬಿಬಿಸಿಯ ಸಂದರ್ಶಕರು ‘ಥ್ಯಾಂಕ್ ಯೂ ವೆರಿ ಮಚ್ ಇಂಡೀಡ್’ ಅಂದರೆಂದರೆ ಅತಿಥಿಯ ಸಮಯ ಮುಗಿಯಿತು ಎಂದೇ ಲೆಕ್ಕ. ‘ಥ್ಯಾಂಕ್ಸ್ ಎ ಲಾಟ್’ ಎಂಬುದನ್ನು ಸ್ವಲ್ಪ ಎಳೆದರೆ ಸಾಕು, ಚುಚ್ಚುಮಾತು. ಅತ್ತ ಬಸ್ಸಿನಿಂದ ಇಳಿಯುವಾಗ ಬ್ರಿಟಿಷರು ಡ್ರೈವರಿಗೆ ಹೇಳುವ ಮೊಟಕು ‘ಚಿಯರ್ಸ್’ನಲ್ಲಿ ಯಾವ ಕೊರತೆಯೂ ಇಲ್ಲ. ಉದ್ದದ ಕೃತಜ್ಞತೆ ಬಂತೆಂದರೆ ಬಾಗಿಲು ಮುಚ್ಚುತ್ತಿದೆಯೋ ಏನೋ ಎಂದು ನಾನಂತೂ ತಿರುಗಿ ನೋಡುತ್ತೇನೆ.

ನಮ್ಮ ಅರ್ಜಿಗಳ ‘ಥ್ಯಾಂಕಿಂಗ್ ಯೂ’ ಇನ್ನೊಂದು ತಮಾಷೆ. ಶಾಲೆಯ ರಜಾ ಅರ್ಜಿಯಲ್ಲಿ ಕಲಿತದ್ದು, ನಳದಲ್ಲಿ ನೀರು ಬರುತ್ತಿಲ್ಲವೆಂದು ಪಾಲಿಕೆಗೆ ಬರೆಯುವ ದೂರಿನ ತುದಿಯಲ್ಲೂ ಕೂರುತ್ತದೆ. ನೀರು ಬಂದಿಲ್ಲ, ಬರುವ ಸೂಚನೆಯೂ ಇಲ್ಲ. ಧನ್ಯವಾದ ಮಾತ್ರ ಮುಂಗಡ.

ಈ ಊರಿನ ಬಾಯಿಮಾತಿನಲ್ಲಿ ಒತ್ತು ಬೀಳುವ ಜಾಗವೇ ಬೇರೆ. ‘ಭಾರೀ ಉಪಕಾರ ಆಯ್ತು ಮಾರಾಯ್ರೆ’ ಅನ್ನುವಾಗ ತೂಕವೆಲ್ಲ ಇರುವುದು ಮಾರಾಯ್ರೆಯಲ್ಲಿ. ಅದನ್ನು ಕಿತ್ತರೆ ಉಳಿಯುವುದು ಸಂಘದ ವಾರ್ಷಿಕೋತ್ಸವದ ವಂದನಾರ್ಪಣೆ. ಕೊಂಕಣಿ ಕ್ರೈಸ್ತರು ‘ದೇವ್ ಬರೆಂ ಕರುಂ’ ಅನ್ನುತ್ತಾರೆ. ದೇವರು ಒಳ್ಳೆಯದು ಮಾಡಲಿ ಎಂದು ಋಣವನ್ನು ಮೇಲಿನವನ ಖಾತೆಗೆ ಬರೆದುಬಿಡುವ ಜಾಣತನ ಅದು. ತುಳುವಿನ ‘ಸೊಲ್ಮೆಲು’ ವೇದಿಕೆಯಲ್ಲಿ ಚೆಂದ. ಆದರೆ ಸ್ಟೇಟ್ ಬ್ಯಾಂಕ್ ಹತ್ತಿರದ ಮೀನು ಮಾರುಕಟ್ಟೆಯಲ್ಲಿ, ಎರಡು ಬಂಗುಡೆ ಜಾಸ್ತಿ ಹಾಕಿಕೊಟ್ಟ ಅಕ್ಕನಿಗೆ ಅದನ್ನು ಹೇಳುವವರನ್ನು ನಾನು ಕಂಡಿಲ್ಲ. ಚೀಲ ಹಿಡಿದು ತಲೆ ಅಲ್ಲಾಡಿಸಿ ಹೋಗುತ್ತಾರೆ, ಮರುದಿನ ಅಕ್ಕನ ಬುಟ್ಟಿಯ ಮುಂದೆಯೇ ಬಂದು ನಿಲ್ಲುತ್ತಾರೆ. ಒಮ್ಮೆ ಆ ಅಕ್ಕನಿಗೆ ಆಫೀಸಿನ ಧಾಟಿಯಲ್ಲಿ ‘ಥ್ಯಾಂಕ್ ಯೂ ಸೋ ಮಚ್’ ಹೇಳಿ ನೋಡಿ. ‘ದಾಯೆ, ಎಲ್ಲೆ ಬರ್ಪುಜರಾ?’ ಎಂದು ಕೇಳಿಯಾರು: ಯಾಕೆ, ನಾಳೆ ಬರುವುದಿಲ್ಲವಾ?